ಹೂಗ್ಯಂ ಕವಲಿನ ಸೊಪ್ಪು

ಕೊಳ್ಳೇಗಾಲ
೧೫ ನವೆಂಬರ್ ೨೦೨೪, ಶುಕ್ರವಾರ

ಏರು ದಾರಿಯಲ್ಲಿ ಎಂದೂ ನನ್ನ ಕೈಗೆ ಸಿಗದ ಕೇತಿಗೆ,

ನಿನ್ನ ಶಿವರತ್ನಳ ನಮಸ್ಕಾರ. ಈ ಮಾತು ಓದಿ ನೀನು ಮೂಗು ಮುರಿಯುತ್ತೀಯ ಎಂದು ಗೊತ್ತು. ಒಂದೇ ನೆಲ್ಲಿಕಾಯಿಯನ್ನು ಕಚ್ಚಿ ಹಂಚಿಕೊಂಡವರ ನಡುವೆ ನಮಸ್ಕಾರ ಎಂಥದ್ದು? ಆದರೆ ಇಪ್ಪತ್ತೊಂಬತ್ತು ವರ್ಷವಾದ ಮೇಲೆ ಬರೆಯುವಾಗ ‘ಲೇ ಕೇತಿ’ ಎಂದು ಶುರು ಮಾಡಲು ಧೈರ್ಯ ಬರಲಿಲ್ಲ.

ಮೊದಲು ನನ್ನ ಸಮಾಚಾರ. ಈಗ ನಾನು ಪಿ.ಟಿ. ಮೇಡಂ. ಕುತ್ತಿಗೆಗೆ ಸೀಟಿ, ಎಡ ಮಂಡಿಗೆ ಬೆಲ್ಟು. ಇಪ್ಪತ್ತು ವರ್ಷ ಯಳಂದೂರಿನಲ್ಲಿದ್ದು, ಈ ಜೂನ್‌ನಲ್ಲಿ ಹನೂರಿನ ಕಡೆಗೆ ವರ್ಗವಾಗಿ ಬಂದೆ. ದಿನಾ ಬೆಳಗ್ಗೆ ಕೊಳ್ಳೇಗಾಲದಿಂದ ಬಸ್ಸು. ಮಕ್ಕಳಿಗೆ ಓಡಿ ಓಡಿ ಎಂದು ಕಿರುಚುವುದೇ ಈಗ ನನ್ನ ಓಟ.

ನಮ್ಮ ಟೀಚರ್‌ಗಳೆಲ್ಲ ಸೇರಿ ಹೆಣ್ಣುಮಕ್ಕಳಿಗಾಗಿ ಒಂದು ಚಿಕ್ಕ ಪುಸ್ತಕ ಮಾಡುತ್ತಿದ್ದೇವೆ. ನಮ್ಮ ಸೀಮೆಯಲ್ಲಿ ಓಡಲು ಚೆಂದದ ದಾರಿಗಳು ಯಾವುವು, ಎಲ್ಲಿ ನೆರಳು, ಎಲ್ಲಿ ನೀರು, ಯಾವ ಊರಿನ ನಾಯಿ ಬೆನ್ನು ಹತ್ತುತ್ತದೆ ಎಂದೆಲ್ಲ ಬರೆಯುವ ಕೆಲಸ ನನ್ನ ತಲೆಗೆ ಬಂತು. ಧನಗೆರೆಯ ದಾರಿಯನ್ನು ಒಂದೇ ಉಸಿರಿಗೆ ಬರೆದೆ. ನಾಲೆಯ ಏರಿ ಹಿಡಿದು ಹೋದರೆ ಬಲಕ್ಕೆ ಭತ್ತದ ಗದ್ದೆ, ಗದ್ದೆಯ ತುಂಬ ಬೆಳ್ಳಕ್ಕಿ, ಆಮೇಲೆ ತಣ್ಣಗೆ ಮುಖಕ್ಕೆ ಬಡಿಯುವ ಕಾವೇರಿಯ ಗಾಳಿ. ಯಳಂದೂರಿನದೂ ಆಯಿತು. ಸುವರ್ಣಾವತಿಯ ದಡ, ಹೊಂಗೆಯ ಸಾಲು, ಎದುರಿಗೆ ಬಿಳಿಗಿರಿ ಬೆಟ್ಟ. ಎಷ್ಟು ಓಡಿದರೂ ಬೆಟ್ಟ ಹತ್ತಿರ ಬರುವುದಿಲ್ಲ ಎಂದೂ ಸೇರಿಸಿದೆ.

ಮೂರನೆಯದು ನಮ್ಮ ಹೂಗ್ಯಂ ದಾರಿ. ಅದು ಹುಣಸೆಮರದ ಕವಲಿನ ತನಕ ಬಂದು ನಿಂತುಬಿಟ್ಟಿದೆ.

ಅಲ್ಲಿಯವರೆಗೆ ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ ಕೇತಿ. ನಾನು ಬಂಡಳ್ಳಿಯವಳು, ಓದಿಗೆಂದು ಹೂಗ್ಯಂನ ಅತ್ತೆಯ ಮನೆ ಸೇರಿದ್ದೆ. ನೀನು ಮೇಲಿನ ಪೋಡಿನಿಂದ, ಹತ್ತು ಗುಡಿಸಲಿನ ನಿಮ್ಮ ಹಾಡಿಯಿಂದ, ಬೆಳಗ್ಗೆ ಇಳಿದು ಬರುತ್ತಿದ್ದೆ. ಆ ದಾರಿಯಲ್ಲಿ ನಾನು ನಿನಗಾಗಿ ಕಾಯುತ್ತಾ ಕೂರುತ್ತಿದ್ದೆ. ಇಬ್ಬರೂ ರಾಗಿ ಹೊಲದ ಬದುವಿನ ಮೇಲೆ, ಕಾವಲಿನ ಅಟ್ಟಣೆಯ ಕೆಳಗೆ ನುಸುಳಿ, ಆನೆ ಬಾರದಿರಲೆಂದು ತೋಡಿದ ಕಂದಕದ ಪಕ್ಕದಲ್ಲೇ ಶಾಲೆಯ ಕಡೆಗೆ ಓಡುತ್ತಿದ್ದೆವು. ನೆಲ್ಲಿಕಾಯಿ ಅಗಿದು ಹಳ್ಳದ ನೀರು ಕುಡಿಯುತ್ತಿದ್ದೆವು. ಆ ಸಿಹಿ ಆಮೇಲೆ ಮೈಸೂರಿನ ಯಾವ ಅಂಗಡಿಯ ಶರಬತ್ತಿನಲ್ಲೂ ಸಿಗಲಿಲ್ಲ.

ನೀನು ಬರಿಗಾಲಿನವಳು. ಮಟ್ಟಸ ನೆಲದಲ್ಲಿ ಸೋಮಾರಿಯ ಹಾಗೆ ಎಲ್ಲರಿಗಿಂತ ಹಿಂದೆ. ನಾನು ಮುಂದೆ ಹೋಗಿ ಬೀಗುತ್ತಿದ್ದೆ. ಹಳ್ಳ ದಾಟಿ ಏರು ಸಿಕ್ಕಿತೋ, ಪಟಪಟ ಸದ್ದು ಹಿಂದಿನಿಂದ ಬಂದು ಪಕ್ಕದಲ್ಲಿ ಹಾದು ಮುಂದೆ ಮಾಯವಾಗುತ್ತಿತ್ತು. ನೀನು ಮೇಲೆ ನಿಂತು ಸೊಂಟದ ಮೇಲೆ ಕೈ ಇಟ್ಟುಕೊಂಡು ‘ಬಾರೆ ಬಂಡಳ್ಳಿ ಎಮ್ಮೆ’ ಎನ್ನುತ್ತಿದ್ದೆ. ನನಗೆ ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು.

ಸೊಪ್ಪು ಹಾಕುವುದನ್ನು ನೀನು ಕಲಿಸಿದ್ದೂ ಆ ದಾರಿಯಲ್ಲೇ. ಮುಂದೆ ಹೋದವರಿಗೆ ಆನೆ ಕಂಡರೆ ಹಸಿ ಟೊಂಗೆ ಮುರಿದು ದಾರಿಗೆ ಅಡ್ಡ ಹಾಕಬೇಕು, ಮುರಿದ ತುದಿ ಹಿಂದೆ ಬರುವವರ ಕಡೆಗಿರಬೇಕು, ಕಂಡವರು ಬೇರೆ ದಾರಿ ಹಿಡಿಯಬೇಕು. ನಾನು ಒಮ್ಮೆ ತಮಾಷೆಗೆ ಟೊಂಗೆಗೆ ಕೈ ಹಾಕಿದಾಗ ನೀನು ಮುಂಗೈಗೆ ಬಾರಿಸಿದ್ದೆ. ‘ಸೊಪ್ಪಲ್ಲಿ ಆಟ ಆಡ್ಬ್ಯಾಡ ಕಣೆ. ಇದ್ರ ಮ್ಯಾಲೆ ಜೀವ ನಿಂತದೆ. ನಮ್ಮೋರು ಸತ್ರೂ ಇದ್ರಲ್ಲಿ ಸುಳ್ಳು ಏಳಕ್ಕಿಲ್ಲ’ ಎಂದಿದ್ದೆ.

ಇನ್ನು ಆ ದಿನದ ಮಾತು. ಆಗ ಹನೂರು ಇನ್ನೂ ತಾಲ್ಲೂಕಾಗಿರಲಿಲ್ಲ. ಕ್ರೀಡಾ ಹಾಸ್ಟೆಲ್ಲಿಗೆ ಒಬ್ಬಳನ್ನು ಆರಿಸುವ ಓಟ ನಮ್ಮ ದಾರಿಯಲ್ಲೇ ನಡೆಯಿತು. ಕವಲಿನಲ್ಲಿ ಬಲಕ್ಕೆ ಹೋಗಿ ಎಂದು ಮೇಷ್ಟ್ರು ಸುಣ್ಣದಲ್ಲಿ ಬಾಣ ಎಳೆದಿದ್ದರು. ನಾನು ಮೊದಲು, ನನ್ನ ಹಿಂದೆ ನೀನು, ನಿನ್ನ ಹಿಂದೆ ನಾಲ್ವರು. ನಾನು ಗುರಿ ಮುಟ್ಟಿ, ನೀರು ಕುಡಿದು, ಉಸಿರು ಹದಕ್ಕೆ ಬಂದು ಎಷ್ಟೋ ಹೊತ್ತಾದರೂ ಯಾರೂ ಬರಲಿಲ್ಲ. ಕೊನೆಗೆ ಕವಲಿನ ಎಡಕ್ಕೆ ಕೆರೆ ಸುತ್ತಿ ಬರುವ ದಾರಿಯಿಂದ ಆ ನಾಲ್ವರು ಬಂದರು. ಎಲ್ಲರಿಗಿಂತ ಹಿಂದೆ, ಕಾಡಿನ ಕಡೆಗೆ ನೋಡುತ್ತಾ ನೋಡುತ್ತಾ, ನೀನು. ಅವರಿಗಾಗಿ ಕವಲಿನಲ್ಲಿ ಕಾದು ನಿಂತು, ಅವರನ್ನು ಮುಂದೆ ಬಿಟ್ಟುಕೊಂಡು ಬಂದಿದ್ದೆ.

‘ಸೊಪ್ಪು ಆಕಿತ್ತು ಸಾ, ಆನೆ ಅದೆ’ ಎಂದೆ ನೀನು. ಕಾವಲಿನವನು ಹೋಗಿ ನೋಡಿ ಬಂದ. ಆನೆಯೂ ಇಲ್ಲ, ಹೆಜ್ಜೆಯೂ ಇಲ್ಲ, ಲದ್ದಿಯೂ ಇಲ್ಲ ಎಂದ. ಮೇಷ್ಟ್ರು ಎಲ್ಲರ ಮುಂದೆ ನಿನ್ನನ್ನು ಸುಳ್ಳಿ ಎಂದರು. ಟೊಂಗೆ ನೀನೇ ಹಾಕಿ, ಸೋತ ಮೇಲೆ ಆನೆ ಕಥೆ ಕಟ್ಟುತ್ತೀಯಾ ಎಂದು ಗದರಿದರು. ನೀನು ಅಳಲಿಲ್ಲ. ನನ್ನನ್ನು ನೋಡಿದೆ. ನಾನು ನನ್ನ ಬೂಟು ನೋಡಿಕೊಂಡೆ. ಮಾರನೆಯ ದಿನದಿಂದ ನೀನು ಶಾಲೆಗೆ ಬರಲಿಲ್ಲ, ನಾನು ಮೈಸೂರಿಗೆ ಹೋದೆ.

ಕೇತಿ, ಆ ಟೊಂಗೆಯನ್ನು ನಾನೂ ನೋಡಿದ್ದೆ. ಗಾಳಿಗೆ ಮುರಿದು ಬಿದ್ದದ್ದೆಂದು ಹಾರಿಕೊಂಡು ಹೋಗಿದ್ದೆ. ‘ಹೌದು ಸಾರ್, ನಾನು ಬರುವಾಗಲೇ ಟೊಂಗೆ ಇತ್ತು’ ಎಂದು ಒಂದು ಮಾತು ಹೇಳಿದ್ದರೆ ನಿನಗೆ ಆ ಹೆಸರು ಬರುತ್ತಿರಲಿಲ್ಲ. ಹೇಳಲಿಲ್ಲ. ಅದಕ್ಕಾಗಿ ಈಗ ಕ್ಷಮೆ ಕೇಳುತ್ತೇನೆ.

ಇಷ್ಟು ವರ್ಷ ಇಲ್ಲದ್ದು ಈಗೇಕೆ ಎನ್ನುತ್ತೀಯ. ಆಗಸ್ಟ್‌ನಲ್ಲಿ ಮೈದಾನದಲ್ಲಿ ಮಕ್ಕಳನ್ನು ಓಡಿಸುತ್ತಿದ್ದೆ. ಒಬ್ಬಳು ಬರಿಗಾಲಲ್ಲಿ, ಸೋಮಾರಿಯ ಹಾಗೆ ಎಲ್ಲರಿಗಿಂತ ಹಿಂದೆ ಬರುತ್ತಿದ್ದಳು. ದಿಬ್ಬ ಸಿಕ್ಕ ಕೂಡಲೇ ಪಟಪಟ ಎಂದು ಎಲ್ಲರನ್ನೂ ದಾಟಿ ಮೇಲೆ ಹೋಗಿ, ಸೊಂಟಕ್ಕೆ ಕೈ ಕೊಟ್ಟು ನಿಂತಳು. ಸೀಟಿ ನನ್ನ ಬಾಯಿಂದ ಜಾರಿ ಬಿತ್ತು. ಹೆಸರು ಕೇಳಿದೆ, ಮಹದೇವಿ ಎಂದಳು. ಅವ್ವನ ಹೆಸರು ಕೇಳುವ ಅಗತ್ಯವೇ ಇರಲಿಲ್ಲ, ಆದರೂ ಕೇಳಿದೆ.

ಜನವರಿಯಲ್ಲಿ ಜಿಲ್ಲಾ ಓಟ. ಗೆದ್ದರೆ ಹಾಸ್ಟೆಲ್ಲು, ಓದು, ಎಲ್ಲ. ಅವಳು ಗೆಲ್ಲುತ್ತಾಳೆ, ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಸೋಮವಾರದೊಳಗೆ ಒಪ್ಪಿಗೆಯ ಕಾಗದದ ಮೇಲೆ ನಿನ್ನ ರುಜು ಬೇಕು. ನೀನು ಹಾಕುತ್ತಿಲ್ಲವಂತೆ. ‘ಅವ್ವ ಬ್ಯಾಡ ಅಂತದೆ ಮಿಸ್. ಓಟ್ದೋರು ಸೊಪ್ಪನ್ನೂ ನಂಬಂಗೆ ಮಡಗಿಲ್ಲ ಅಂತದೆ’ ಎಂದಳು. ಅವಳಿಗೆ ಆ ಮಾತಿನ ತಲೆಬುಡ ಗೊತ್ತಾಗಿಲ್ಲ. ನನಗೆ ಗೊತ್ತಾಯಿತು.

ನನ್ನ ಮೇಲಿನ ಸಿಟ್ಟನ್ನು ಆ ಹುಡುಗಿಯ ಕಾಲಿಗೆ ಕಟ್ಟಬೇಡ. ಓಟದ ದಿನ ನೀನೂ ಬಾ, ಏರಿನ ಮೇಲೆ ನಿಂತಿರು. ಆಮೇಲೆ ಇಬ್ಬರೂ ಆ ಕವಲಿನ ತನಕ ನಡೆದು ಹೋಗೋಣ, ಓಡಲು ನನ್ನ ಮಂಡಿ ಬಿಡುವುದಿಲ್ಲ. ಮಿಕ್ಕ ದಾರಿಯನ್ನು ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ.

ಈ ಪತ್ರವನ್ನು ನಾಳೆ ಮಹದೇವಿಯ ಕೈಯಲ್ಲಿ ಕಳಿಸುತ್ತೇನೆ.

ನಿನ್ನ ಬಂಡಳ್ಳಿ ಎಮ್ಮೆ,
ಶಿವರತ್ನ

ತಾ.ಕ.: ಶನಿವಾರ ಬೆಳಗ್ಗೆ. ಅಂಟಿಸಿದ ಲಕೋಟೆಯನ್ನು ಬಸ್‌ ಸ್ಟ್ಯಾಂಡಿನಲ್ಲಿ ಕೂತು ಹರಿದು ಇದನ್ನು ಬರೆಯುತ್ತಿದ್ದೇನೆ. ಅವತ್ತು ಗಾಳಿ ಇರಲಿಲ್ಲ ಕೇತಿ. ಕವಲಿಗೆ ಬಂದಾಗ ಹಿಂದೆ ನಿನ್ನ ಕಾಲಿನ ಸದ್ದು ಕೇಳಿಸಿತು, ಮುಂದೆ ಏರು ಕಾಣಿಸಿತು. ಹೊಂಗೆಯ ಟೊಂಗೆ ಮುರಿದವಳು ನಾನು. ನೀನು ಕಲಿಸಿದ ಹಾಗೆಯೇ, ಮುರಿದ ತುದಿಯನ್ನು ನಿನ್ನ ಕಡೆಗೆ ತಿರುಗಿಸಿಟ್ಟು ಓಡಿದೆ. ನಿನಗೆ ಇದು ಮೊದಲೇ ಗೊತ್ತಿದ್ದಿರಬಹುದು. ರುಜು ಹಾಕುವುದು ಬಿಡುವುದು ನಿನ್ನಿಷ್ಟ, ಕ್ಷಮೆಯನ್ನೂ ಕೇಳುವುದಿಲ್ಲ. ಇಷ್ಟು ಮಾತ್ರ ಮಾಡು. ಈ ನಾಲ್ಕು ಸಾಲನ್ನು ಮಹದೇವಿಯ ಕೈಯಲ್ಲೇ ಗಟ್ಟಿಯಾಗಿ ಓದಿಸು. ಅವತ್ತು ಸುಳ್ಳು ಹೇಳಿದವಳು ಅವಳ ಅವ್ವ ಅಲ್ಲ, ಅವಳ ಮಿಸ್ ಎಂದು ಅವಳಿಗೆ ಗೊತ್ತಾಗಲಿ.