ಬೂದು ಕೋಟಿನ ಕ್ರಿಸ್‌ಮಸ್

ನನ್ನವರೇ,

ನಿಮ್ಮಮ್ಮ ಹೋದರು. ಮೊನ್ನೆ ಮಂಗಳವಾರ ಮಧ್ಯಾಹ್ನ, ಊಟದ ಹೊತ್ತಿಗೆ. ನಿಮ್ಮ ಪಕ್ಕದಲ್ಲೇ ಮಣ್ಣು ಮಾಡಿದ್ದೇವೆ, ಹಾಗಾಗಿ ಸುದ್ದಿ ಈ ಪತ್ರಕ್ಕಿಂತ ಮೊದಲೇ ನಿಮಗೆ ಮುಟ್ಟಿರಬೇಕು. ಬಂದವರೆಲ್ಲ ಹೊರಟುಹೋದರು. ಮಗ ಕೆಲಸಕ್ಕೆ ಹೋದ, ಪುಟ್ಟಿ ಬೆಳಿಗ್ಗೆಯ ಬಸ್ಸಿಗೆ ತನ್ನ ಮನೆಗೆ ಹೊರಟಳು. ಎದುರಿನ ಕಟ್ಟಡದವರು ಆಗಲೇ ಬಾಲ್ಕನಿಗೆ ದೀಪದ ಸರ ಸುತ್ತಿದ್ದಾರೆ. ನಾನು ಅತ್ತೆಯ ಮಂಚದ ಹಾಸಿಗೆ ಸುತ್ತಿಟ್ಟು, ಅದರ ಮೇಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಬೂದು ಕೋಟು ಏನಾಯಿತು ಅಂತ ನಿಮಗೆ ಹೇಳಲೇ ಇಲ್ಲ. ಅದನ್ನು ಹೊಲಿದವರು ಅತ್ತೆ, ಹೇಳುವುದಾದರೆ ಅವರೇ ಹೇಳಲಿ ಅಂತ ಸುಮ್ಮನಿದ್ದೆ. ಈಗ ಅದನ್ನು ಹೇಳಬೇಕಾದವಳು ನಾನೊಬ್ಬಳೇ ಉಳಿದೆ.

ನೀವು ತೀರಿಕೊಂಡ ವರ್ಷದ ಮಾತು. ಬೆಳಿಗ್ಗೆ ಟೂಲ್ ಬ್ಯಾಗು ಹೆಗಲಿಗೇರಿಸಿಕೊಂಡು ಯಾವುದೋ ಕಟ್ಟಡದ ಲಿಫ್ಟ್ ರಿಪೇರಿಗೆ ಹೋದವರು ಅದೇ ಕಟ್ಟಡದ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತಿರಿ, ಏಳಲಿಲ್ಲ. ಆವತ್ತು ಚಳಿ ಇರಲಿಲ್ಲ, ಕೋಟು ಬಾಗಿಲ ಹಿಂದೆಯೇ ಉಳಿದಿತ್ತು. ಆಸ್ಪತ್ರೆಯಿಂದ ನಾವು ವಾಪಸು ಬಂದಾಗ ಅತ್ತೆ ಯಾರೊಂದಿಗೂ ಮಾತಾಡದೆ ನೇರ ಹೋಗಿ ಅದನ್ನು ಮೊಳೆಯಿಂದ ಇಳಿಸಿ, ಮಡಚಿ, ತಮ್ಮ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ನಾನು ನೋಡುತ್ತಾ ನಿಂತಿದ್ದೆ. ನನಗೂ ಒಂದು ಸಲ ಅದನ್ನು ಮುಖಕ್ಕೆ ಒತ್ತಿಕೊಳ್ಳಬೇಕು ಅನ್ನಿಸಿತ್ತು. ಕೇಳಲು ಬಾಯಿ ಬರಲಿಲ್ಲ.

ಆಮೇಲೆ ನಾವು ಆ ಮನೆ ಬಿಟ್ಟು ಎರಡು ಕೋಣೆಯ ಮನೆಗೆ ಬಂದೆವು. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ. "ಜೀವಮಾನವಿಡೀ ಊರವರ ಲಿಫ್ಟ್ ಮೇಲೇರಿಸಿದ, ಹೆತ್ತವಳನ್ನ ಮಾತ್ರ ಮೆಟ್ಟಿಲು ಹತ್ತಿಸ್ತಿದ್ದಾನೆ ನೋಡು" ಅಂತ ಅತ್ತೆ ಒಂದೊಂದು ಮಹಡಿಯಲ್ಲೂ ನಿಂತು ನಿಮ್ಮನ್ನು ಬೈಯುತ್ತಿದ್ದರು. ಆ ಬೈಗುಳವೊಂದರಲ್ಲೇ ನಮ್ಮ ಮನೆಯಲ್ಲಿ ನಿಮ್ಮ ಸುದ್ದಿ ಬರುತ್ತಿದ್ದುದು.

ನಾನು ಹೋಟೆಲೊಂದರ ಲಾಂಡ್ರಿಗೆ ಸೇರಿದೆ. ನೆಲಮಾಳಿಗೆಯಲ್ಲಿ ಬಿಸಿ ಉರುಳೆಗಳ ಇಸ್ತ್ರಿ ಯಂತ್ರ. ಒದ್ದೆ ಹಾಸಿಗೆ ಬಟ್ಟೆಯ ಒಂದು ತುದಿ ನಾನು, ಇನ್ನೊಂದು ತುದಿ ದೊಡ್ಡಕ್ಕ ಹಿಡಿದು ಉರುಳೆಯೊಳಗೆ ಬಿಡಬೇಕು. ದೊಡ್ಡಕ್ಕ ಅಂದರೆ ಅಲ್ಲಿನ ಮೇಲ್ವಿಚಾರಕಿ, ಹೆಸರಿಗೆ ತಕ್ಕ ಗಾತ್ರ. ಅಲ್ಲಿ ಹಬೆ ಎಷ್ಟಿರುತ್ತಿತ್ತೆಂದರೆ ಯಾರ ಮುಖದ ಮೇಲಿನದು ಬೆವರು, ಯಾರದು ಕಣ್ಣೀರು ಅಂತ ಗೊತ್ತಾಗುತ್ತಿರಲಿಲ್ಲ. ನನಗೆ ಅದೊಂದು ಅನುಕೂಲವಾಗಿತ್ತು.

ಡಿಸೆಂಬರ್ ಬಂತು. ನನ್ನ ಮುಖ ನೋಡಿಯೇ ದೊಡ್ಡಕ್ಕ ಕೇಳಿದಳು: "ಹಬ್ಬಕ್ಕೆ ಮಕ್ಕಳಿಗೆ ಏನು ಕೊಡೋದು ಅಂತ ತಲೆ ಕೆಡಿಸ್ಕೊಂಡಿದ್ದೀಯ ಅಲ್ವಾ? ಅಂಗಡಿ ಕಡೆ ತಲೆನೇ ಹಾಕ್ಬೇಡ. ನಾನು ಮೂರು ಮಕ್ಕಳನ್ನ ಬೆಳೆಸಿದ್ದು ಈ ಹೋಟೆಲಿನ ಕಸದಲ್ಲೇ." ಕೋಣೆಗಳಲ್ಲಿ ಅತಿಥಿಗಳು ಬಿಟ್ಟುಹೋದ ಸೋಪಿನ ಚೂರುಗಳನ್ನು ಒಂದು ಡಬ್ಬದಲ್ಲಿ ತುಂಬಿಕೊಟ್ಟಳು. ಊಟದ ಮೇಜಿನಲ್ಲಿ ಉರಿದು ಉಳಿದ ಮೇಣದಬತ್ತಿಯ ಮೋಟುಗಳು, ಹರಿದ ದಿಂಬಿನ ಚೀಲಗಳು, ಮೂಲೆಯಲ್ಲಿ ಕಲೆಯಾದ ಬಿಳಿ ಕರವಸ್ತ್ರಗಳು, ಎಲ್ಲ ಕೊಟ್ಟಳು.

ನಮ್ಮ ಅಡುಗೆಮನೆ ಆ ವಾರ ಕಾರ್ಖಾನೆಯಾಯಿತು. ಸೋಪು ತುರಿದು, ನೀರು ಹಾಕಿ, ಸಣ್ಣ ಉರಿಯಲ್ಲಿ ಕರಗಿಸಿ, ಕಿತ್ತಳೆ ಸಿಪ್ಪೆಯ ಪುಡಿ ಬೆರೆಸಿ ಬೆಂಕಿಪೊಟ್ಟಣದ ಖಾಲಿ ಗೂಡುಗಳಲ್ಲಿ ಹುಯ್ದೆ. ಅದು ಪುಟ್ಟಿಯ ಟೀಚರಿಗೆ, ಕೆಳಮನೆಯವರಿಗೆ. ಮೇಣ ಕರಗಿಸಿ ಒಡೆದ ಹಿಡಿಯ ಲೋಟಗಳಲ್ಲಿ ದಾರದ ಬತ್ತಿ ಇಟ್ಟು ದೀಪ ಮಾಡಿದೆ. ಕರವಸ್ತ್ರದ ಕಲೆ ಇದ್ದ ಮೂಲೆಯ ಮೇಲೇ ಮಗ ಹೂವಿನ ಚಿತ್ರ ಬರೆದ, ನಾನು ದಾರ ಓಡಿಸಿದೆ. ಅತ್ತೆಗೂ ಒಂದು ಸೋಪು ತೋರಿಸಿ, ಚೆನ್ನಾಗಿದೆಯಾ ಅಂದೆ. ಮೂಸಿ ನೋಡಿ ಕೈಗೆ ವಾಪಸು ಕೊಟ್ಟರು: "ಅರ್ಧ ಊರು ಮೈ ತಿಕ್ಕಿದ ಸೋಪು. ನನಗಂತೂ ಬೇಡಮ್ಮ." ಮಕ್ಕಳು ಬಿದ್ದು ಬಿದ್ದು ನಕ್ಕರು. ನೀವು ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದು.

ಆದರೆ ಮಕ್ಕಳಿಗೆ ಸೋಪು ಕೊಡಲು ಆಗುತ್ತದೆಯೇ? ಪುಟ್ಟಿಗೆ ಆಗ ಐದು ವರ್ಷ. ತಬ್ಬಿಕೊಂಡು ಮಲಗೋಕೆ ಒಂದು ಪ್ರಾಣಿ ಬೇಕು, ಯಾವುದಾದರೂ ಸರಿ, ಕಚ್ಚಬಾರದು ಅಷ್ಟೆ, ಅಂದಳು. ಮಗನನ್ನು ಕೇಳಿದೆ. ಹನ್ನೊಂದು ತುಂಬಿದ ಹುಡುಗ, ಪುಸ್ತಕದಿಂದ ತಲೆ ಎತ್ತಲಿಲ್ಲ. "ನನಗೇನೂ ಬೇಡಮ್ಮ. ಪುಟ್ಟಿಗೆ ಮಾಡು." ಅವನ ಹಳೇ ಜಾಕೆಟ್ಟಿನ ತೋಳು ಮಣಿಕಟ್ಟು ಬಿಟ್ಟು ಮೇಲೇರಿತ್ತು. ಹೊರಗೆ ಹೋಗುವಾಗ ಯಾರಿಗೂ ಕಾಣದಿರಲಿ ಅಂತ ಎರಡೂ ಕೈ ಜೇಬಿಗೆ ತುರುಕಿಕೊಳ್ಳುತ್ತಿದ್ದ.

ನಿಮ್ಮ ಕೋಟಿನ ನೆನಪು ನನಗೆ ಬಂದದ್ದು ಆಗ. ಗಟ್ಟಿ ಉಣ್ಣೆ, ಒಳಗೆ ಅಸ್ತರು. ಎಷ್ಟು ಚಳಿಗಾಲ ಬೇಕಾದರೂ ತಾಳುವ ಬಟ್ಟೆ ಟ್ರಂಕಿನಲ್ಲಿ ಸುಮ್ಮನೆ ಮಲಗಿದೆ, ಮಗು ನಡುಗುತ್ತಿದೆ. ಮರುದಿನ ಅತ್ತೆ ಕಾಫಿ ಕುಡಿಯುವಾಗ ಧೈರ್ಯ ಮಾಡಿ ಕೇಳಿದೆ. ಲೋಟ ಕೆಳಗಿಟ್ಟರು. ಅವರ ಮುಖ ನೋಡಿದರೆ ನಾನು ಏನೋ ಕದಿಯಲು ಬಂದವಳ ಹಾಗೆ ನನಗೇ ಅನ್ನಿಸಿತು. "ನನ್ನ ಮಗನ್ನ ಒಂದ್ಸಲ ಮಣ್ಣಿಗೆ ಕೊಟ್ಟಿದ್ದೀನಿ. ಇನ್ನೊಂದ್ಸಲ ಕೇಳಬೇಡ," ಅಂದರು. ಅಷ್ಟೇ. ಆಮೇಲೆ ನಾವಿಬ್ಬರೂ ಉಪ್ಪು, ಸಕ್ಕರೆ, ಬಾಗಿಲ ಚಿಲಕ ಇಂಥವುಗಳ ಬಗ್ಗೆ ಮಾತ್ರ ಮಾತಾಡಿದೆವು.

ಕ್ರಿಸ್‌ಮಸ್ಸಿಗೆ ಮುಂಚಿನ ಭಾನುವಾರ ಮಕ್ಕಳು ಹಾಡಿನ ಅಭ್ಯಾಸಕ್ಕೆ ಹೋಗಿದ್ದರು. ನಾನು ಕೆಳಗಿನ ನಲ್ಲಿಯಿಂದ ನೀರು ತಂದು ಬಾಗಿಲು ತೆಗೆದರೆ, ಮೇಜಿನ ಮೇಲೆ ನಿಮ್ಮ ಕೋಟು ಎರಡೂ ತೋಳು ಚಾಚಿ ಮಲಗಿತ್ತು. ಅತ್ತೆ ಕನ್ನಡಕ ಏರಿಸಿ, ಸೂಜಿಯ ತುದಿಯಿಂದ ಹೊಲಿಗೆ ಒಂದೊಂದಾಗಿ ಎಬ್ಬಿಸುತ್ತಿದ್ದರು. ನಾನು ಕೊಡ ಇಳಿಸಿ ಕತ್ತರಿ ತರಲು ಹೊರಟೆ.

"ಕತ್ತರಿ ಬೇಡ. ನಾನು ಹೊಲಿದಿದ್ದು, ನಾನೇ ಬಿಚ್ತೀನಿ." ಇನ್ನೊಂದು ಹೊಲಿಗೆ ಎಬ್ಬಿಸಿ ಅವರಾಗಿಯೇ ಹೇಳಿದರು: "ಬೆಳಿಗ್ಗೆ ಹೋಗುವಾಗ ಆ ಹುಡುಗ ಮೆಟ್ಟಿಲ ಮೇಲೆ ನಿಂತು ತೋಳು ಎಳೆದೂ ಎಳೆದೂ ಬೆರಳು ಮುಚ್ಕೊಳ್ತಿದ್ದ. ಮೂವತ್ತು ವರ್ಷ ಊರವರಿಗೆಲ್ಲ ಕೋಟು ಹೊಲಿದೋಳು ನಾನು. ನನ್ನ ಮೊಮ್ಮಗ ಹೀಗೆ ಓಡಾಡೋದಾ?"

ಆ ಮಧ್ಯಾಹ್ನವಿಡೀ ಅವರು ಬಿಚ್ಚಿದರು. ಬಿಚ್ಚುತ್ತಾ ಹೇಳಿದರು: ನಿಮಗೆ ಮೊದಲ ಕೆಲಸ ಸಿಕ್ಕಾಗ ಹೊಲಿದದ್ದಂತೆ. ಅಳತೆಗೆ ನಿಲ್ಲಿಸಿದರೆ ನೀವು ಒಂದು ಕಡೆ ನಿಲ್ಲುತ್ತಿರಲಿಲ್ಲವಂತೆ, ಅದಕ್ಕೇ ಎಡಗಡೆ ಭುಜ ಕೊನೆಯವರೆಗೂ ಸರಿಹೋಗಲಿಲ್ಲವಂತೆ. ಪಕ್ಕದ ಹೊಲಿಗೆ ಬಿಚ್ಚಿ ನನಗೆ ತೋರಿಸಿದರು. ಒಳಗೆ ಎರಡು ಬೆರಳಗಲ ಬಟ್ಟೆ ಮಡಚಿ ಬಿಟ್ಟಿದ್ದರು. ಹೊರಗೆಲ್ಲ ಬಣ್ಣ ಮಾಸಿದ್ದರೂ ಅಲ್ಲಿ ಉಣ್ಣೆ ಹೊಸದರ ಹಾಗೇ ಹೊಳೆಯುತ್ತಿತ್ತು. "ಇನ್ನೂ ಬೆಳೀತಾನೆ, ಮುಂದೆ ದಪ್ಪಗಾದರೆ ಬಿಟ್ಟುಕೊಡೋಣ ಅಂತ ಇಟ್ಟಿದ್ದೆ," ಅಂದವರು ಬೆರಳಿಂದ ಅದನ್ನು ಸವರುತ್ತಾ ಕೂತುಬಿಟ್ಟರು.

ಆಗ ನಾನು ಕೇಳಬೇಕಿತ್ತು. ಇನ್ನೂ ಹೇಳಿ ಅತ್ತೆ, ಅವರು ಚಿಕ್ಕವರಿದ್ದಾಗ ಹೇಗಿದ್ದರು, ಏನಂದರೆ ಹೆದರುತ್ತಿದ್ದರು, ಯಾವುದಕ್ಕೆ ಹಟ ಹಿಡಿಯುತ್ತಿದ್ದರು, ಹೇಳಿ ಅಂತ ಪಕ್ಕದಲ್ಲಿ ಕೂರಬೇಕಿತ್ತು. ಅಂಥ ಬಾಗಿಲು ಅವರು ತೆರೆದದ್ದು ಆವತ್ತೊಂದೇ ದಿನ. ನಾನು ಅತ್ತರೆ ಅವರೂ ಅಳುತ್ತಾರೆ, ಅವರು ಅತ್ತರೆ ಕೆಲಸ ನಿಲ್ಲುತ್ತದೆ ಅಂತ ಹೆದರಿ, ಮಿಕ್ಕುವ ತೋಳಿನ ಬಟ್ಟೆಯಿಂದ ಪುಟ್ಟಿಗೆಂದು ಆನೆಯ ಹೊಟ್ಟೆ ಹೊಲಿದು ಅದಕ್ಕೆ ದಿಂಬಿನ ಹತ್ತಿ ತುರುಕುವುದರಲ್ಲಿ ಮುಳುಗಿದೆ. ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಹಬ್ಬದ ಬೆಳಿಗ್ಗೆ ಪುಟ್ಟಿ ಆನೆಯನ್ನು ನೋಡಿದವಳೇ ಕಿರುಚಿದಳು. ಸೊಂಡಿಲು ಸ್ವಲ್ಪ ಸೊಟ್ಟಗಿತ್ತು, ನೆಗಡಿಯಾಗಿದೆ ಅಂತ ಅವಳೇ ಕಾರಣ ಹುಡುಕಿಕೊಂಡಳು. ದಿನವಿಡೀ ಅದಕ್ಕೆ ಬಿಸಿನೀರು ಕುಡಿಸಿ ಕುತ್ತಿಗೆಯವರೆಗೆ ನೆನೆಸಿಟ್ಟಳು. ಮಗ ಮಾತ್ರ ಹಳೇ ಪೇಪರು ಬಿಡಿಸಿ, ಅತ್ತೆ ತನ್ನ ಅಳತೆಗೆ ಹೊಲಿದ ಬೂದು ಕೋಟು ಕಂಡು, ಹಾಗೇ ನಿಂತ. ಅದು ಅಪ್ಪನದು ಅಂತ ಅವನಿಗೆ ಕೂಡಲೇ ಗೊತ್ತಾಯಿತು. ಅತ್ತೆ ಅವನನ್ನು ಕಿಟಕಿ ಹತ್ತಿರ ಎಳೆದುಕೊಂಡು ಹೋಗಿ ತಾವೇ ತೊಡಿಸಿದರು. "ಕೈ ಎತ್ತು. ಇಳಿಸು. ತಿರುಗು." ಭುಜ ಎಳೆದು ನೋಡಿದರು. ಎಡಗಡೆಯೂ ಸರಿಯಾಗಿ ಕೂತಿತ್ತು, ಯಾಕಂದರೆ ಅವನು ಕಲ್ಲಿನ ಹಾಗೆ ಅಲುಗಾಡದೆ ನಿಂತಿದ್ದ. ಗುಂಡಿ ಹಾಕುತ್ತಾ ಹಾಕುತ್ತಾ ಕುತ್ತಿಗೆಯ ತನಕ ಬಂದವರು ಕಾಲರು ಹಿಡಿದ ಕೈ ಬಿಡಲೇ ಇಲ್ಲ. ಕೊನೆಗೆ ಅವನೇ, "ಅಜ್ಜಿ, ಉಸಿರು ಕಟ್ತಿದೆ," ಅಂದ.

ಊಟಕ್ಕೆ ತಟ್ಟೆ ಹಾಕುವಾಗ ನನ್ನ ಹಿಂದೆ ಬಂದು ನಿಂತು ಮೆಲ್ಲಗೆ ಕೇಳಿದ: "ಇನ್ನು ಅಪ್ಪಂದು ಅಂತ ಏನೂ ಉಳಿದಿಲ್ವಾ ಅಮ್ಮಾ?"

"ನೀನಿದ್ದೀಯಲ್ಲ," ಅಂದುಬಿಟ್ಟೆ.

ಪ್ರೀತಿಯಿಂದಲೇ ಬಂದ ಮಾತು ಅದು. ಆದರೆ ಹನ್ನೊಂದರ ಹುಡುಗನ ಹೆಗಲಿಗೆ ಆ ಕೋಟಿಗಿಂತ ಅದೇ ಭಾರವಾಯಿತೇನೋ. ಆವತ್ತಿನಿಂದ ಅವನು ಬೀದಿಯಲ್ಲಿ ಆಡುವುದನ್ನು ನಾನು ಕಾಣೆ. ಮೆಟ್ಟಿಲಲ್ಲಿ ಅಜ್ಜಿಯ ಕೈ ಹಿಡಿಯುತ್ತಿದ್ದ, ನೀರಿನ ಕೊಡ ನನ್ನ ಕೈಯಿಂದ ಕಸಿದುಕೊಳ್ಳುತ್ತಿದ್ದ. ಒಳ್ಳೆಯ ಮಗ ಅಂತ ಎಲ್ಲರೂ ಹೊಗಳಿದರು. ನನಗೆ ಮಾತ್ರ ಅವನು ಒಂದಷ್ಟು ವರ್ಷ ಕೆಟ್ಟವನಾಗಿರಬೇಕಿತ್ತು, ಕಿಟಕಿ ಗಾಜು ಒಡೆದು ಬಂದು ಬೈಸಿಕೊಳ್ಳಬೇಕಿತ್ತು ಅನ್ನಿಸುತ್ತದೆ.

ಆ ಕೋಟನ್ನು ಅವನು ಎರಡು ಚಳಿಗಾಲ ಹಾಕಿದ. ಆಮೇಲೆ ಸಣ್ಣದಾಯಿತು, ತನ್ನ ಶಾಲೆಯ ಚಿಕ್ಕ ಹುಡುಗನೊಬ್ಬನಿಗೆ ಕೊಟ್ಟುಬಂದ. ಪುಟ್ಟಿಯ ಆನೆ ಮನೆ ಬದಲಾಯಿಸುವಾಗ ಯಾವ ಗಂಟಿನಲ್ಲಿ ಹೋಯಿತೋ ಸಿಗಲಿಲ್ಲ. ಒಂದು ಗುಂಡಿಯನ್ನಾದರೂ ತೆಗೆದಿಟ್ಟುಕೊಳ್ಳಬಹುದಿತ್ತು ನಾನು. ಆಗ ಹೊಳೆಯಲಿಲ್ಲ.

ಕಳೆದೆರಡು ವರ್ಷ ಅತ್ತೆಗೆ ಮರೆವು ಬಂತು. ಮೊದಲು ಪಾತ್ರೆಯ ಮುಚ್ಚಳ ಎಲ್ಲಿಟ್ಟೆ ಅನ್ನುವುದು, ಆಮೇಲೆ ಮೊಮ್ಮಕ್ಕಳ ಹೆಸರು, ಕೊನೆಗೆ ನೀವು ಇಲ್ಲ ಅನ್ನುವುದು. ನಿಮ್ಮ ಬಾಲ್ಯದ ಕತೆಗಳನ್ನು ಕೇಳಲು ನನಗೆ ಧೈರ್ಯ ಬರುವ ಹೊತ್ತಿಗೆ ಹೇಳಲು ಅವರ ಹತ್ತಿರ ಏನೂ ಉಳಿದಿರಲಿಲ್ಲ. "ನಿಮ್ಮ ಮಗ ಚಿಕ್ಕವನಿದ್ದಾಗ..." ಅಂತ ನಾನು ಶುರುಮಾಡಿದರೆ, "ಚಿಕ್ಕವನೇ ತಾನೇ, ಇನ್ನೂ ಸ್ಕೂಲಿಂದ ಬಂದಿಲ್ಲ," ಅನ್ನುತ್ತಿದ್ದರು.

ಹೋದ ತಿಂಗಳು ಚಳಿ ಶುರುವಾದಾಗ ಟ್ರಂಕು ತೆಗೆಸಿದರು. ನನ್ನಿಂದ ಎಲ್ಲ ಹೊರಗೆ ಹಾಕಿಸಿದರು. "ಅವನ ಕೋಟು ಎಲ್ಲಿ? ಬೂದು ಕೋಟು. ಇಲ್ಲೇ ಇಟ್ಟಿದ್ದೆನಲ್ಲ." ತೊಳೆಯಲು ಹಾಕಿದ್ದೀನಿ ಅಂದೆ. ನಾಳೆ ಬರುತ್ತೆ ಅಂದೆ. ಮರುದಿನ ಮತ್ತೆ ಕೇಳಿದರು. ದಿನವೂ ಕೇಳಿದರು. ಯಾರೋ ಕದ್ದಿದ್ದಾರೆ ಅಂತ ಅತ್ತರು. ನಿಮ್ಮ ಕೈಯಿಂದಲೇ ಬಿಚ್ಚಿದಿರಿ ಅತ್ತೆ, ಅಂತ ಹೇಗೆ ಹೇಳಲಿ? ಹೇಳಿದ್ದರೆ ಅವರು ಅದನ್ನು ಇನ್ನೊಮ್ಮೆ ಬಿಚ್ಚಬೇಕಾಗುತ್ತಿತ್ತು.

ಮಂಗಳವಾರ ಬೆಳಿಗ್ಗೆ ಅವರ ಕೈಕಾಲು ತಣ್ಣಗಿದ್ದವು. ಡಾಕ್ಟರು ಬಂದು ನೋಡಿ ನನ್ನನ್ನು ಹೊರಗೆ ಕರೆದು, ಇನ್ನು ಹೆಚ್ಚು ಹೊತ್ತಿಲ್ಲ ಅಂತ ಹೇಳಿ ಹೋದರು. ಒಳಗೆ ಬಂದಾಗ ಅತ್ತೆ ಮತ್ತೆ ಕೋಟು ಕೇಳಿದರು. ನಾನು ಮೈಮೇಲಿದ್ದ ಶಾಲು ತೆಗೆದು, "ತೊಗೊಳ್ಳಿ ಅತ್ತೆ, ನಿಮ್ಮ ಮಗಂದು. ಈಗಷ್ಟೇ ಬಂತು," ಅಂದೆ. ಅವರು ಅದರ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜಿ ನೋಡಿದರು. ಎಲ್ಲ ಮರೆತರೂ ಆ ಬೆರಳುಗಳು ಬಟ್ಟೆಯನ್ನು ಮರೆತಿರಲಿಲ್ಲ.

"ಸುಳ್ಳಿ," ಅಂದರು. ನಕ್ಕ ಹಾಗೆ ಕಂಡಿತು. "ಇದು ಅವನದಲ್ಲ ಕಣೇ. ಇದು ನಿಂದು."

ನಾನು ತಲೆ ತಗ್ಗಿಸಿದೆ. ಅವರು ಶಾಲಿನ ತುದಿಯನ್ನು ಬಿಡಲಿಲ್ಲ. ನಿಧಾನವಾಗಿ ಗಲ್ಲದವರೆಗೆ ಎಳೆದುಕೊಂಡರು. "ಇರಲಿ. ಇದನ್ನೇ ಹೊದಿಸು," ಅಂದರು. ಹೊದಿಸಿದೆ. ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದರು. ಅದಾದ ಮೇಲೆ ಅವರು ಮಾತಾಡಲಿಲ್ಲ.

ಅದೇ ಶಾಲು ಹೊದಿಸಿಯೇ ನಿಮ್ಮ ಹತ್ತಿರ ಕಳಿಸಿದ್ದೇನೆ. ಅವರು ನಿಮ್ಮನ್ನು ಕೂಡಲೇ ಗುರುತು ಹಿಡಿಯದೇ ಇರಬಹುದು, ಬೇಸರ ಮಾಡಿಕೊಳ್ಳಬೇಡಿ. ಪಕ್ಕದಲ್ಲಿ ಕೂತು ಅವರು ಮರೆತಿದ್ದನ್ನೆಲ್ಲ ನೀವೇ ಹೇಳಿ. ನಾನು ಕೇಳದೇ ಉಳಿದದ್ದನ್ನೂ ಸೇರಿಸಿ ಹೇಳಿ. ನಿಮ್ಮಿಬ್ಬರಿಗೂ ಅಲ್ಲಿ ಬೆಚ್ಚಗಿರಲಿ.

ನಿಮ್ಮ ಮಕ್ಕಳ ತಾಯಿ,
ನಿಮ್ಮಮ್ಮನ ಸೊಸೆ