ಎರಡು ಬೆರಳು

ಎಲ್ಡರ್ ಕ್ರೀಕ್, ವಿಸ್ಕಾನ್ಸಿನ್
ಶನಿವಾರ, ಡಿಸೆಂಬರ್ ೧, ೧೯೫೬

ಪ್ರೀತಿಯ ಅಪ್ಪಾ,

ನಾನು ಉಣ್ಣುತ್ತಿದ್ದೇನೆ, ಮಲಗುತ್ತಿದ್ದೇನೆ; ಅಷ್ಟರಮಟ್ಟಿಗೆ ಕ್ಷೇಮ. ಈ ಚಳಿಯಲ್ಲಿ ನಿನ್ನ ಹಡಗು ಸರೋವರದ ಯಾವ ಬಂದರಿನಲ್ಲಿ ಅದಿರು ತುಂಬಿಕೊಳ್ಳುತ್ತಿದೆಯೋ ತಿಳಿಯದು, ಅದಕ್ಕೇ ಕಂಪನಿಯ ವಿಳಾಸಕ್ಕೆ ಹಾಕುತ್ತಿದ್ದೇನೆ. ತಂತಿ ಕೊಟ್ಟ ಮೇಲೆ ಒಂದು ಸಾಲೂ ಬರೆಯಲಿಲ್ಲ, ಕ್ಷಮಿಸು. ನಾಲ್ಕು ಸಲ ಕೂತೆ. ಪ್ರತಿ ಸಲವೂ 'ಪ್ರೀತಿಯ ಅಪ್ಪಾ' ಅಂತ ಬರೆದು, ಎದ್ದು ಹೋಗಿ ಒಲೆಗೆ ಸೌದೆ ಹಾಕಿದೆ.

ನಿನ್ನ ಕಾಗದ ತಲುಪಿತು. 'ಚಳಿಗಾಲಕ್ಕೆ ಹಡಗು ಕಟ್ಟಿಹಾಕಿದ ದಿನವೇ ಹೊರಟು, ಮನೆಗೂ ಬರದೆ ನೇರವಾಗಿ ಡಾಲ್‌ಗ್ರೆನ್ ಅಜ್ಜನ ಬಾಗಿಲಿಗೆ ಹೋಗುತ್ತೇನೆ, ತಲೆಗೆ ಪೆಟ್ಟು ಬಿದ್ದ ನನ್ನ ಮಗನನ್ನು ಮತ್ತೆ ಮೈದಾನಕ್ಕೆ ಅಟ್ಟಿದ ಆ ಮುದುಕನನ್ನು ಸುಮ್ಮನೆ ಬಿಡುವುದಿಲ್ಲ' ಅಂತ ಬರೆದಿದ್ದೀಯ. 'ನೀನು ಅಲ್ಲೇ ಇದ್ದೆಯಲ್ಲ ಐಲಿ, ಕಂಡದ್ದನ್ನೆಲ್ಲ ಬರೆ' ಅಂತಲೂ ಕೇಳಿದ್ದೀಯ. ಬರೆಯುತ್ತೇನೆ.

ಈ ಸಲ ನಮ್ಮ ಕಾಲೇಜಿನ ಫುಟ್‌ಬಾಲ್ ಹುಡುಗರು ಎಂಟು ಆಟಕ್ಕೆ ಎಂಟೂ ಗೆದ್ದರು. ಅಂಥದ್ದು ಹಿಂದೆ ನಡೆದದ್ದು ಯಾರ ನೆನಪಿನಲ್ಲೂ ಇಲ್ಲ. ಇಡೀ ತಂಡಕ್ಕೆ ಇದ್ದವರು ಇಪ್ಪತ್ತಾರು ಜನ. ಒಬ್ಬ ಕುಂಟಿದರೆ ಆ ಜಾಗಕ್ಕೆ ಅವನಿಗೆ ಸಮನಾದ ಇನ್ನೊಬ್ಬನಿಲ್ಲ. ನಾಲ್ಕನೇ ಗೆಲುವಿನ ಹೊತ್ತಿಗೆ ಊರಿಗೆ ಊರೇ ಹುಚ್ಚಾಗಿತ್ತು. ಪಾದ್ರಿಗಳು ಕೂಡ ಭಾನುವಾರದ ಪ್ರವಚನ ಮೊಟಕು ಮಾಡಿ, ಚರ್ಚಿನ ಬಾಗಿಲಲ್ಲೇ ನಮ್ಮ ಆರ್ವೋನ ತೋಳು ಹಿಡಿದು ನೋಡುತ್ತಿದ್ದರು. ಎದುರಿನವನನ್ನು ಕೆಡವಿದ ಹುಡುಗನ ಹೆಲ್ಮೆಟ್ಟಿನ ಮೇಲೆ ಕೋಚ್ ರಸ್ಕ್ ಪ್ರತಿ ಸಲವೂ ಬಿಳಿ ಬಣ್ಣದ ಒಂದು ಗೀಟು ಎಳೆಯುತ್ತಿದ್ದರು. ಆರ್ವೋ ಆ ಹೆಲ್ಮೆಟ್ಟನ್ನು ಮನೆಗೆ ತಂದು ಊಟದ ಮೇಜಿನ ಮೇಲಿಡುತ್ತಿದ್ದ. ನಾನು ಬಯ್ದರೆ, "ನಿನ್ನ ಆಲೂಗಡ್ಡೆ ಸೂಪು ಇದನ್ನ ನೋಡ್ಕೊಂಡೇ ಒಳಗೆ ಇಳಿಯೋದು ಕಣಕ್ಕ" ಅನ್ನುತ್ತಿದ್ದ.

ಕೊನೆಯ ಆಟ ಫೇರ್‌ವಾಟರ್‌ನಲ್ಲಿ, ನವೆಂಬರ್ ಹತ್ತಕ್ಕೆ. ಅವರೂ ಸೋತಿರಲಿಲ್ಲ, ಗೆದ್ದವರಿಗೆ ಬಹುಮಾನದ ಕಪ್ಪು. ಮಣ್ಣು ಹೆಪ್ಪುಗಟ್ಟಿ ಮೈದಾನ ಕಲ್ಲಾಗಿತ್ತು. ನಾನು ಎಂದಿನಂತೆ ಬೆಂಚಿನ ಹಿಂದೆ ಸೂಜಿ ದಾರ ಹಿಡಿದು ನಿಂತಿದ್ದೆ. ಹರಿದ ಅಂಗಿಗಳನ್ನು ಬಿಚ್ಚಲು ಪುರುಸೊತ್ತು ಇರುವುದಿಲ್ಲ, ಮೈಮೇಲೆಯೇ ಹೊಲಿಯಬೇಕು. ಇನ್ನು ನಾಲ್ಕು ನಿಮಿಷ ಉಳಿದಿತ್ತು. ನಮಗೆ ಹದಿಮೂರು, ಅವರಿಗೆ ಹನ್ನೆರಡು. ಆಗ ಇಬ್ಬರ ನಡುವೆ ಸಿಕ್ಕ ಆರ್ವೋನ ತಲೆ ನೆಲಕ್ಕೆ ಬಡಿಯಿತು. ಆ ಸದ್ದು ನನ್ನವರೆಗೂ ಕೇಳಿಸಿತು.

ತಾನೇ ಎದ್ದು ನಡೆದು ಬಂದ. ಅಂಗಿ ಬೆನ್ನಿನ ಮೇಲೆ ಸೀಳಿ ನಂಬರು ಜೋತಾಡುತ್ತಿತ್ತು. "ನಂಬರ್ ಕಾಣ್ದಿದ್ರೆ ಒಳಗೆ ಬಿಡಲ್ಲ" ಅಂತ ಅಂಪೈರ್ ಕೂಗಿದ. ಹಿಂದಿನಿಂದ ನಾನು ಹೊಲಿಯತೊಡಗಿದೆ, ಮುಂದೆ ತಂಡದ ಗಾಯ ನೋಡಿಕೊಳ್ಳುವ ಡಾಲ್‌ಗ್ರೆನ್ ಅಜ್ಜ ಮೊಣಕಾಲೂರಿ ಕೂತರು. ಮಂಪರು ಬಿಡಲೆಂದು ಮೂಗಿಗೆ ನವಸಾಗರದ ಶೀಸೆ ಹಿಡಿದರು. ಆಮೇಲೆ ಕೈ ಎತ್ತಿದರು.

"ಎಷ್ಟು ಬೆರಳು, ಮಗಾ?"

"ಎರಡು."

"ಏನಂತಾನೆ? ಬೇಗ ಹೇಳ್ರೀ ಅಜ್ಜ, ಸೀಟಿ ಊದ್ಬಿಡ್ತಾನೆ!" ಅಂದರು ಕೋಚ್.

"ಸರಿಯಾಗೇ ಹೇಳ್ದ."

"ಹಂಗಾದ್ರೆ ಕಳ್ಸಿ. ಅವನ ಜಾಗಕ್ಕೆ ನನ್ ಹೆಂಡ್ತೀನ ನಿಲ್ಲಿಸ್ಲಾ?"

ಎಲ್ಲರೂ ನಕ್ಕರು. ಆರ್ವೋ ಹೋದ. ಕಡೆಯ ಸಲ ಅವರು ನಮ್ಮ ಗೋಲಿನ ಗೆರೆಯ ಹತ್ತಿರ ನುಗ್ಗಿದಾಗ ತಡೆದು ಕೆಡವಿದವನು ಅವನೇ, ಅಪ್ಪಾ. ಕಪ್ಪು ಬಂದದ್ದು ಅವನಿಂದಲೇ. ಇದನ್ನು ನಿನಗೆ ಹೇಳಲೇಬೇಕು ಅನ್ನಿಸುತ್ತದೆ, ಹೇಳಲು ನಾಚಿಕೆಯೂ ಆಗುತ್ತದೆ.

ಬರುವಾಗ ಹುಡುಗರೆಲ್ಲ ಬಸ್ಸಿನಲ್ಲಿ, ನಾನು ಸಾಮಾನಿನ ವ್ಯಾನಿನಲ್ಲಿ. ಬಸ್ಸಿನಲ್ಲಿ ನಡೆದದ್ದನ್ನು ಅವನ ಗೆಳೆಯ ಲೆನ್ನಿ ಪ್ರುಸ್ಕಿ ಆಮೇಲೆ ಹೇಳಿದ. ಆರ್ವೋ ಅವನ ಹೆಗಲಿಗೆ ಒರಗಿ, "ತಲೆ ನೋಯ್ತಿದೆ ಕಣೋ, ಸ್ವಲ್ಪ ಮೆತ್ತಗೆ ಹಾಡಿ" ಅಂದನಂತೆ. ನಿದ್ದೆ ಬಂತು ಅಂದುಕೊಂಡರು. ಗೊರಕೆ ಜೋರಾಯಿತು. "ನೋಡ್ರೋ, ಚಾಂಪಿಯನ್ ಗೊರಕೆ!" ಅಂತ ಯಾರೋ ಕೂಗಿದರು. ಕಪ್ಪನ್ನು ತಂದು ಅವನ ತೊಡೆಯ ಮೇಲಿಟ್ಟು ಅವನ ಕೈಗಳನ್ನು ಅದರ ಸುತ್ತ ಸೇರಿಸಿದರು. ಎಪ್ಪತ್ತು ಮೈಲಿ ಹಾಡಿಕೊಂಡು ಬಂದರು. ಊರಿನ ಚೌಕದಲ್ಲಿ ಬ್ಯಾಂಡು ಕಾಯುತ್ತಿತ್ತು. ಅವನನ್ನು ಎಬ್ಬಿಸಲು ಹೋದಾಗ ಎಬ್ಬಿಸಲಾಗಲಿಲ್ಲ. ಬ್ಯಾಂಡಿನವರು ತಿಳಿಯದೆ ಬಾರಿಸುತ್ತಲೇ ಇದ್ದರು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಹೋದ. ಕಣ್ಣು ತೆರೆಯಲಿಲ್ಲ. ನಾನು ಅವನ ಪಾದ ಹಿಡಿದುಕೊಂಡಿದ್ದೆ. ಸಣ್ಣವನಿದ್ದಾಗ ಹಾಗೆ ಹಿಡಿದರೆ ಮಲಗುತ್ತಿದ್ದನಲ್ಲ. ಗುರುವಾರ ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿದೆವು. ನೆಲ ಗಟ್ಟಿಯಾಗಿ ಹಾರೆಯಿಂದ ಅಗೆಯಬೇಕಾಯಿತು. ನೀನು ಬರುವವರೆಗೆ ಕಾಯೋಣ ಅಂತ ನಾನು ಕೇಳಿದೆ. ನಿನ್ನ ಹಡಗು ಸರೋವರದ ನಡುವೆ ಇದೆ, ತಂತಿ ತಲುಪಿದೆಯೋ ಇಲ್ಲವೋ ಅಂದರು ಪಾದ್ರಿಗಳು.

ಈಗ ಊರಿನವರ ಬಾಯಲ್ಲಿ ಒಂದೇ ಹೆಸರು. ಕೋಚನ್ನು ಯಾರೂ ಏನೂ ಅನ್ನುತ್ತಿಲ್ಲ, ಅವರು ಕಪ್ಪು ತಂದವರು. ಮೂವತ್ತು ವರ್ಷ ಹುಡುಗರ ಕಾಲಿಗೆ ಪಟ್ಟಿ ಸುತ್ತಿದ ಡಾಲ್‌ಗ್ರೆನ್ ಅಜ್ಜನಿಗೆ ಕಾಲೇಜಿನವರು ಇನ್ನು ಬರಬೇಡಿ ಅಂದಿದ್ದಾರೆ. ಅಂಗಡಿಯಲ್ಲಿ ಅವರು ಒಳಗೆ ಬಂದರೆ ಉಳಿದವರು ಮಾತು ನಿಲ್ಲಿಸುತ್ತಾರೆ. ಕಳೆದ ಭಾನುವಾರ ನಮ್ಮ ಮನೆಗೆ ಬಂದಿದ್ದರು. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ಮೇಜಿನ ಮೇಲೆ ತಮ್ಮ ಎರಡು ಬೆರಳು ಎತ್ತಿ ಹಿಡಿದು ಅದನ್ನೇ ನೋಡುತ್ತ ಕೂತರು.

"ಅವ್ನು ಸರಿಯಾಗೇ ಹೇಳಿದ್ನಲ್ಲಮ್ಮ. ನೀನೂ ಕೇಳಿಸ್ಕೊಂಡೆ ತಾನೇ? ಸರಿಯಾಗೇ ಹೇಳ್ದ."

"ಹೌದು ಅಜ್ಜ" ಅಂದೆ.

ಆರ್ವೋನ ಅಂಗಿಯನ್ನು ಕಾಲೇಜಿನವರು ಗಾಜಿನ ಪೆಟ್ಟಿಗೆಯಲ್ಲಿ ಕಪ್ಪಿನ ಜೊತೆ ಇಡುತ್ತಾರಂತೆ. ಒಗೆದು, ಬೆನ್ನಿನ ಒರಟು ಹೊಲಿಗೆ ಬಿಚ್ಚಿ, ಕಾಣದ ಹಾಗೆ ಹೊಲಿದು ಕೊಡು ಅಂತ ಕಳಿಸಿದ್ದಾರೆ. ಕೆಂಪು ಬಟ್ಟೆಗೆ ಅವಸರದಲ್ಲಿ ಬಿಳಿ ದಾರ ಹಾಕಿದ್ದೆ. ಹತ್ತು ದಿನದಿಂದ ಮಡಿಲಲ್ಲಿ ಇಟ್ಟುಕೊಂಡು ಕೂರುತ್ತೇನೆ, ಬಿಚ್ಚಿಲ್ಲ.

ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸಿದ್ದೇನೆ, ಒಂದು ಅವನಿಗೆ ಹೆಣೆದದ್ದು. ನೀನು ಹಾಕಿಕೋ. ನೀರಿನ ಮೇಲಿರುವ ಉಳಿದ ದಿನಗಳಲ್ಲಿ ದೇವರು ನಿನ್ನ ಕೈಬಿಡದಿರಲಿ, ನೆಲ ಮುಟ್ಟುವವರೆಗೆ ನಿನ್ನ ಕೋಪವನ್ನೂ ಅವನೇ ಹಿಡಿದಿಟ್ಟುಕೊಳ್ಳಲಿ.

ನಿನ್ನ ಮಗಳು,
ಐಲಿ

ಮರೆತದ್ದಲ್ಲ, ಮೇಲೆ ಬರೆಯಲಾಗದೆ ಉಳಿದದ್ದು: ಡಾಲ್‌ಗ್ರೆನ್ ಅಜ್ಜ ಯಾವಾಗಲೂ ಎರಡೇ ಬೆರಳು ತೋರಿಸುತ್ತಾರೆ. ಅವರಿಗೇ ಅದು ಗೊತ್ತಿಲ್ಲ. ಮೂರು ವರ್ಷ ಬೆಂಚಿನ ಹಿಂದೆ ನಿಂತು ನಾನು ಕಂಡುಕೊಂಡದ್ದು. ಸೆಪ್ಟೆಂಬರಿನಲ್ಲಿ ಊಟ ಮಾಡುತ್ತ ಆರ್ವೋಗೆ ತಮಾಷೆಗೆ ಹೇಳಿದೆ, ಅವನು ಸೂಪು ನೆತ್ತಿಗೇರುವಷ್ಟು ನಕ್ಕ. ಅಕ್ಟೋಬರಿನಲ್ಲಿ ಒಮ್ಮೆ ತಲೆಗೆ ಪೆಟ್ಟು ತಿಂದಾಗ 'ಎರಡು' ಅಂದು, ನನ್ನ ಕಡೆ ತಿರುಗಿ ಕಣ್ಣು ಹೊಡೆದ. ಅಂದು ಸಂಜೆ ವಾಂತಿ ಮಾಡಿಕೊಂಡ. "ಅಪ್ಪಂಗೆ ಬರೀಬೇಡ ಅಕ್ಕ, ಇನ್ನು ಮೂರೇ ಆಟ" ಅಂದ. ನಾನು ಬರೆಯಲಿಲ್ಲ.

ಫೇರ್‌ವಾಟರ್‌ನಲ್ಲಿ ಅವನು ಬೆರಳಿನ ಕಡೆ ನೋಡಲೇ ಇಲ್ಲ, ಅಪ್ಪಾ. ಮುಖ ಬೇರೆ ಕಡೆ ಇತ್ತು. ಅಜ್ಜ ಕೈ ಎತ್ತುವ ಮೊದಲೇ 'ಎರಡು' ಅಂತ ಒಮ್ಮೆ ಅಂದಿದ್ದ. ಬೆನ್ನ ಹಿಂದಿದ್ದ ನನಗೆ ಮಾತ್ರ ಕೇಳಿಸಿತು. ಹೊಲಿಯುವಾಗ ಸೂಜಿ ಅವನ ಬೆನ್ನಿಗೆ ಚುಚ್ಚಿತು. "ಅಮ್ಮಾ, ಮೆಲ್ಲಗೆ" ಅಂದ. ನೋವಿಗೆ ಕೂಗಿದ್ದಲ್ಲ, ಅಮ್ಮ ಹಿಂದೆ ನಿಂತಿದ್ದಾಳೆ ಅನ್ನುವ ಹಾಗೆ, ಎಂಟು ವರ್ಷದವನ ದನಿಯಲ್ಲಿ. ನನಗೆ ಆಗಲೇ ಗೊತ್ತಾಯಿತು. ನಾಲ್ಕೇ ನಿಮಿಷ ಇತ್ತು, ಒಂದೇ ಅಂಕ ಇತ್ತು. ಅಷ್ಟು ಜನ ಗಂಡಸರ ಮುಂದೆ ನನಗೆ ದನಿ ಎತ್ತಿ ಅಭ್ಯಾಸವಿಲ್ಲ. ದಾರವನ್ನು ಹಲ್ಲಿನಿಂದ ಕಡಿದು, "ಆಯ್ತು, ಹೋಗು" ಅಂದೆ.

ಹಡಗಿನಿಂದ ಇಳಿದ ಮೇಲೆ ಆ ಅಜ್ಜನ ಬಾಗಿಲಿಗೆ ಹೋಗಬೇಡ. ನಮ್ಮ ಮನೆಗೆ ಬಾ. ನಾನು ಎಲ್ಲಿಗೂ ಹೋಗುವುದಿಲ್ಲ.