ಒಂದು ಲೋಟ ಹಿಟ್ಟಿನ ತೂಕ

ಏಪ್ರಿಲ್ 22, ಸೋಮವಾರ

ಮತ್ತೆ ತೂಗಿದೆ. ಮೂರನೇ ಸಲ. ಸಣ್ಣ ಸ್ಟೀಲ್ ಲೋಟದ ತುಂಬ ರಾಗಿ ಹಿಟ್ಟು — ಎಂಬತ್ತು ಗ್ರಾಂ. ಚಿನ್ನುವಿನ ಮಧ್ಯಾಹ್ನದ ಮುದ್ದೆಗೆ ಅಷ್ಟೇ. ಅದಕ್ಕೆ ತಕ್ಕಷ್ಟು ಇನ್ಸುಲಿನ್.

ಮಗಳಿಗೆ ಎಂಟು ವರ್ಷ. ಟೈಪ್ ಒನ್ ಶುಗರ್ ಎಂದು ಗೊತ್ತಾಗಿ ಐದು ವಾರ. ಡಯೆಟಿಷಿಯನ್ ಕೊಟ್ಟ ಚಾರ್ಟ್ ಪೂರ್ತಿ ಗ್ರಾಂನಲ್ಲಿ. ನಮ್ಮ ಅಡುಗೆಮನೆ ಪೂರ್ತಿ ಪಾವು, ಲೋಟ, ಹಿಡಿ.

ಅತ್ತೆಗೆ ಆ ತೂಕದ ಮಿಷನ್ ಕಂಡರಾಗದು. "ನಾಕು ಮಕ್ಕಳ ಸಾಕಿದ್ದೀನಿ ಕಣವ್ವ. ಯಾರ ಇಟ್ಟೂ ತೂಗಿಲ್ಲ."

ತೂಗಬೇಡಿ ಬಿಡಿ ಅತ್ತೆ, ಈ ಲೋಟದ ತುಂಬ ತಗೊಳ್ಳಿ ಸಾಕು, ಎಂದೆ. ಒಂದು ಚಿಂತೆ ಕಳೆಯಿತು ಅಂದುಕೊಂಡೆ. ಆದರೂ ಎರಡು ಸಲ ಎದ್ದು ಹೋಗಿ ಚಾರ್ಟ್ ನೋಡಿದೆ...

ಏಪ್ರಿಲ್ 28, ಭಾನುವಾರ, ಸಂಜೆ 6

ಚಿನ್ನುವಿನ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ.

ಕೆ.ಆರ್. ನಗರದಲ್ಲಿ ತಂಗಿ ಪ್ರಿಯಾಳ ಸೀಮಂತ. ಒಬ್ಬಳೇ ಹೋಗಿದ್ದೆ. ಇವರು ಮಗುವಿಗೆ ಇಂಜೆಕ್ಷನ್ ಕೊಟ್ಟು ಗದ್ದೆಗೆ ಹೋಗಿದ್ದರು. ಮೂರು ಗಂಟೆಗೆ ಅತ್ತೆಯ ಫೋನ್.

"ಚಿನ್ನು ಮಗ ಬೆವರ್ತಾ ಅದೆ ಕಣವ್ವ. ಮಾತು ತೊದಲ್ತದೆ."

"ಅತ್ತೆ, ಸಕ್ಕರೆ ನೀರು ಕುಡಿಸಿ. ಈಗಲೇ."

"ಸಕ್ಕರೆ ಮುಟ್ಟಿಸ್ಬ್ಯಾಡಿ ಅಂತ ನೀನೇ ಅಂದಿದ್ದಲ್ಲ?"

ಹೌದು. ನಾನೇ ಹೇಳಿದ್ದೆ. ಶುಗರ್ ತೀರಾ ಇಳಿದಾಗ ಕೊಡಲೇಬೇಕು ಅನ್ನೋದನ್ನು ಅವರಿಗೆ ಹೇಳಿಯೇ ಇರಲಿಲ್ಲ.

ಶಾಮಿಯಾನದೊಳಗೆ ಎಲ್ಲರ ಮುಂದೆ ಕಿರುಚಿದೆ. ಕುಡಿಸಿದರು. ಕಾಲು ಗಂಟೆಗೆ ಮಗು ಸುಧಾರಿಸಿಕೊಂಡಿತು. ಅಷ್ಟು ಹೊತ್ತೂ ಫೋನ್ ಇಡಲಿಲ್ಲ. ಬಸ್ಸಿಗೆ ಕಾಯಲಾಗದೆ ಆಟೋದಲ್ಲಿ ಬಂದೆ. ನಮ್ಮೂರು ಬಿಳಿಕೆರೆ ಇಷ್ಟು ದೂರ ಅಂತ ಗೊತ್ತಿರಲಿಲ್ಲ.

ಬಂದವಳೇ ಅತ್ತೆ ಮೇಲೆ ಹರಿಹಾಯ್ದೆ. "ಎಷ್ಟು ಹಿಟ್ಟು ಹಾಕಿದ್ರಿ?"

"ನೀ ಹೇಳ್ದಂಗೆ. ಲೋಟದ ತುಂಬ."

ನಂಬಲಿಲ್ಲ. ಸುಳ್ಳು ಅಂತ ಮುಖದ ಮೇಲೇ ಹೇಳಿದೆ.

ಏಪ್ರಿಲ್ 29

ಅತ್ತೆ ಒಲೆ ಹತ್ತಿರ ಬರಲಿಲ್ಲ. ಜಗಲಿಯಲ್ಲೇ ಕೂತಿದ್ದಾರೆ. ಚಿನ್ನು ಹೇಳಿದಳು — ನಿನ್ನೆ ಹಿಟ್ಟಲ್ಲಿ ಹುಳ ಕಂಡಿತಂತೆ, ಅಜ್ಜಿ ಜರಡಿ ಹಿಡಿದರಂತೆ.

ನಾನೂ ಜರಡಿ ಹಿಡಿದೆ. ಲೋಟದ ತುಂಬ ತೆಗೆದು ತೂಗಿದೆ. ಐವತ್ತೆಂಟು.

ಜರಡಿ ಹಿಡಿಯದ ಹಿಟ್ಟನ್ನು ಡಬ್ಬಿಯಿಂದ ತೆಗೆದು, ಅವತ್ತಿನ ಹಾಗೆ ಕುಟ್ಟಿ ತುಂಬಿದೆ. ಎಂಬತ್ತು.

ಅದೇ ಲೋಟ. ಎರಡೂ ಸಲ ತುಂಬಿತ್ತು; ಜರಡಿ ಹಿಡಿದದ್ದು ಉಬ್ಬಿ ಹಗುರಾಗಿತ್ತು. ಅತ್ತೆ ಸುಳ್ಳು ಹೇಳಿರಲಿಲ್ಲ. ಇಪ್ಪತ್ತೆರಡು ಗ್ರಾಂ ಕಡಿಮೆ ತಿಂದ ಮಗುವಿನೊಳಗೆ ಎಂಬತ್ತು ಗ್ರಾಂ ಲೆಕ್ಕದ ಇನ್ಸುಲಿನ್.

ಹೋಗಿ ಹೇಳಬೇಕು. ಬಾಗಿಲವರೆಗೆ ಹೋದೆ. ವಾಪಸ್ ಬಂದೆ.

ಮೇ 2

ಇವತ್ತು ಹೇಳಿದೆ. ತಪ್ಪು ನನ್ನದು ಅತ್ತೆ, ಲೋಟ ನಂಬಿ ಎಂದವಳು ನಾನು.

ಅತ್ತೆ ಜಗಲಿಯಲ್ಲಿ ಸರಿದು ನನಗೆ ಜಾಗ ಕೊಟ್ಟರು. ಆಮೇಲೆ, "ಆ ಮಗ ನನ್ನ ಕೈ ಇಡ್ಕಂಡು ನಡುಗ್ತಿತ್ತು. ನಾ ಸಕ್ಕರೆ ಡಬ್ಬಿ ಮುಂದೆ ಸುಮ್ಕೆ ನಿಂತಿದ್ದೆ. ಅದ್ ಮನಸಿಂದ ಓಗಕಿಲ್ಲ ಕಣವ್ವ."

ಪಕ್ಕದಲ್ಲಿ ಕೂತೆ.

ಮೇ 5, ಭಾನುವಾರ

ಚಿನ್ನುವಿಗಾಗಿ ಹಾಕಿದ್ದ ರಜೆ ಇವತ್ತಿಗೆ ಮುಗಿಯಿತು. ನಾಳೆ ಹುಣಸೂರಿನ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಲೇಬೇಕು. "ಕೆಲಸ ಬಿಡ್ತೀನಿ" ಎಂದೆ ಇವರಿಗೆ. ಅತ್ತೆ ಒಳಗಿನಿಂದ ಕೇಳಿಸಿಕೊಂಡರು. ಬಂದು ತೂಕದ ಮಿಷನ್ ಮುಂದೆ ಕೂತರು.

"ಎಂಗೆ ಆನ್ ಮಾಡದು, ತೋರ್ಸು."

ಮೇ 6, ಮಧ್ಯಾಹ್ನ 12.40

ಕ್ಯಾಂಟೀನಿನಲ್ಲಿ. ಊಟದ ಡಬ್ಬಿ ತೆರೆದಿಲ್ಲ. ಈಗ ಮನೆಯಲ್ಲಿ ಹಿಟ್ಟು ತೂಗುವ ಹೊತ್ತು. ಫೋನ್ ಮಾಡಲೇ? ಮಾಡಿದರೆ ನಂಬಿಕೆ ಇಲ್ಲ ಅಂತ ಆಗುತ್ತೆ. ಮಾಡದಿದ್ದರೆ...

ಅತ್ತೆಯೇ ಮಾಡಿದರು. ಸ್ಪೀಕರ್ ಹಾಕಿ ಬರೆಯುತ್ತಿದ್ದೇನೆ.

"ಎಪ್ಪತ್ತೊಂಬತ್ತು ತೋರುಸ್ತಾ ಅದೆ ಕಣವ್ವ. ಇನ್ನೊಂದು ಚಿಟಿಕೆ ಆಕ್ಲಾ?"

ಹಾಕಿ ಅತ್ತೆ.

ಚಮಚ ತಟ್ಟೆಗೆ ತಾಗಿದ ಸದ್ದು. "ಅಜ್ಜಿ, ಮೆಲ್ಲಕ್ಕೆ" ಅನ್ನುತ್ತಿದ್ದಾಳೆ ಚಿನ್ನು. ಅತ್ತೆ ಉಸಿರು ಬಿಟ್ಟರು, "ಎಂಬತ್ತು ಕಣವ್ವ."